ಚರಗ ಉಂಡ ಫ್ಲೆಕ್ಸ್ ಅವರ ಸನ್ನಿಧಾನಕ್ಕೆ

ಶ್ರೀಮಾನ್ ಫ್ಲೆಕ್ಸ್ ಬೋರ್ಡ್ ಅವರಿಗೆ,
ಸಂಘದ ಎಕರೆಯ ಬದುವಿನ ಮೇಲೆ, ಶಹಾಪುರ ರಸ್ತೆ, ಸಗರ.

ಮಾನ್ಯರೇ,

ನಮ್ಮ ಊರಿನ ಬೇವಿನ ಮರಕ್ಕಿಂತ ಒಂದು ಗೇಣು ಮೇಲೆ ತಲೆ ಎತ್ತಿ ನಿಂತು, ಬಸ್ಸಿನಲ್ಲಿ ಹೋಗುವವರೆಲ್ಲ ಕಿಟಕಿಯಿಂದ ಕತ್ತು ಹೊರಗೆ ಹಾಕಿ ಓದುವಂತೆ ಮಾಡಿದ ತಮಗೆ, ಸಗರದ ಹಸಿರು ಯುವ ಕೃಷಿಕರ ಸಂಘದ ಸಾಮಾನ್ಯ ಸದಸ್ಯೆಯೂ ಮಲ್ಲಾಬಾಯಿಯ ಮಗಳೂ ಆದ ಸವಿತಾ ಎರಡೂ ಕೈ ಜೋಡಿಸಿ ಮಾಡುವ ನಮಸ್ಕಾರಗಳು. ತಾವು ಈಗ ನಿಂತಿಲ್ಲ, ಮಲಗಿದ್ದೀರಿ ಎಂಬುದು ನನಗೆ ಗೊತ್ತು, ಏಕೆಂದರೆ ಮಲಗಿಸಿದವಳೇ ನಾನು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ದೊಡ್ಡವರಿಗೆ ಬರೆಯುವಾಗ ಮೊದಲು ಹೊಗಳಬೇಕು, ನಂತರ ಅಹವಾಲು ಹೇಳಿಕೊಳ್ಳಬೇಕು ಎಂಬ ಪದ್ಧತಿಯನ್ನು ನಮ್ಮ ಸಂಘದ ಅಧ್ಯಕ್ಷರಾದ ವಿಶ್ವರಾಧ್ಯ ಅವರ ಭಾಷಣಗಳಿಂದಲೇ ಕಲಿತಿದ್ದೇನೆ.

ತಮ್ಮ ರೂಪವನ್ನು ಎಷ್ಟು ಹೊಗಳಿದರೂ ಕಡಿಮೆಯೇ. ನೆತ್ತಿಯ ಮೇಲೆ 'ಮಣ್ಣಿನ ಮಕ್ಕಳಿಗೆ ಹೆಮ್ಮೆಯ ನಮನ' ಎಂಬ ಕೆಂಪಕ್ಷರಗಳು, ಅದರ ಕೆಳಗೆ ಒಂದು ಕಾಲಕ್ಕೆ ಸಂಘದ ಸದಸ್ಯರಾಗಿದ್ದು ಈಗ ಸಾಧಕರಾಗಿರುವವರ ಮುಖಗಳ ಸಾಲು, ಎಲ್ಲರ ನಡುವೆ ತಾಟಿನಷ್ಟು ದೊಡ್ಡದಾಗಿ ಈ ಸಲದ 'ವರ್ಷದ ಯುವ ಕೃಷಿಕ' ಸಂಜೀವಕುಮಾರ ಅವರ ಮುಖ. ಸಾಲಿನಲ್ಲಿ ಬಸ್ ಕಂಡಕ್ಟರ್ ಇದ್ದಾರೆ, ಪೊಲೀಸರಿದ್ದಾರೆ, ರೈಲ್ವೆಯವರಿದ್ದಾರೆ. ಸಂಜೀವಕುಮಾರ ಅವರು ಯಾದಗಿರಿಯ ಒಂದು ಆಫೀಸಿನಲ್ಲಿ ಫ್ಯಾನಿನ ಕೆಳಗೆ ಕೂಡುವ ಗುಮಾಸ್ತರು. ಎಲ್ಲರೂ ಕಷ್ಟಪಟ್ಟು ಓದಿ ನೌಕರಿ ಹಿಡಿದವರೇ, ಅವರ ಸಂಬಳದ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಹೊಲ ಬಿಟ್ಟುಹೋದವರನ್ನೇ ಹುಡುಕಿ ಹುಡುಕಿ ಹೊಲದ ಸಂಘ ಹಾರ ಹಾಕುವುದನ್ನು ನೋಡಿದಾಗ, ಈಜು ಕಲಿಸುವವರು ಬಾವಿಗೆ ಇಳಿಯದೆ ಮನೆಗೆ ಹೋದವನಿಗೆ ಬಹುಮಾನ ಕೊಟ್ಟಂತೆ ಕಾಣುತ್ತದೆ, ಅಷ್ಟೇ.

ತಮ್ಮ ಬಲಗಡೆಯ ಕೆಳಮೂಲೆಯಲ್ಲಿ ಗೋಧಿಯ ತೆನೆಗಳನ್ನು ಎದೆಗೆ ಅವಚಿಕೊಂಡು ನಗುತ್ತ ನಿಂತ ಒಬ್ಬ ಹೆಣ್ಣುಮಗಳಿದ್ದಾಳೆ. ತೊಗರಿಯ ನಾಡಿನಲ್ಲಿ ಅಷ್ಟೊಂದು ಗೋಧಿ ಬೆಳೆದ ಈ ಪುಣ್ಯವಂತೆ ಯಾರು, ಯಾವ ಊರಿನವಳು ಎಂದು ನಾನು ಅಧ್ಯಕ್ಷರನ್ನು ಕೇಳಿದ್ದೆ. 'ಅಕಿ ಯಾರೂ ಅಲ್ಲ ತಂಗಿ, ಡಿಸೈನ್‌ದಾಗ ಬಂದಾಳ' ಎಂದರು. ಇಡೀ ಫ್ಲೆಕ್ಸಿನಲ್ಲಿ ಹೆಣ್ಣು ಎಂದರೆ ಅವಳೊಬ್ಬಳೇ, ಹೊಲದಲ್ಲಿ ನಿಂತವರು ಎಂದರೂ ಅವಳೊಬ್ಬಳೇ, ಅವಳಿಗೇ ಹೆಸರಿಲ್ಲ. ಅವಳ ಅಂಗೈಗೆ ಒಂದು ಗೀರೂ ಇಲ್ಲ, ಬಳೆ ಒಂದೂ ಒಡೆದಿಲ್ಲ. ಆದರೂ ದಿನಾ ನೋಡಿ ನೋಡಿ ನನಗೆ ಅವಳ ಮೇಲೆ ಅಕ್ಕರೆ ಬಂದುಬಿಟ್ಟಿದೆ.

ಇನ್ನು ತಾವು ಯಾವ ನೆಲದ ಮೇಲೆ ಕಾಲೂರಿದ್ದಿರಿ ಎಂಬುದನ್ನು ತಮಗೆ ಯಾರೂ ಹೇಳಿರಲಿಕ್ಕಿಲ್ಲ. ಅದು ನಮ್ಮ ಊರಿನ ಹಿರಿಯಜ್ಜ ಅಮಾತೆಪ್ಪ ಮುತ್ಯಾನ ಎಕರೆ. ಸಂಘ ಹುಟ್ಟಿದಾಗ ಮುತ್ಯಾ ತನ್ನ ಎರೆಹೊಲದಲ್ಲಿ ಒಂದು ಎಕರೆಯನ್ನು ಹುಡುಗ ಹುಡುಗಿಯರ ಹೆಸರಿಗೆ ಬಿಟ್ಟುಕೊಟ್ಟ. ಪ್ರತಿ ವರ್ಷ ಎಳ್ಳಮಾಸಿಯ ದಿನ, ಅಂದರೆ ಇಡೀ ಸೀಮೆಯ ಜನ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಉಣ್ಣುವ ದಿನ, ಆ ವರ್ಷ ಚೆನ್ನಾಗಿ ಬೆಳೆದ ಒಬ್ಬರಿಗೆ ಸಂಘದವರು ಶಾಲು ಹೊದಿಸಬೇಕು. ಶಾಲು ಹೊದ್ದವರು ಎಕರೆಯ ಸುತ್ತ ನಡೆದು ಪೈರಿಗೆ ಚರಗ ಚೆಲ್ಲಬೇಕು, ನಾವು ಉಣ್ಣುವ, ಕಾಳು ಸೊಪ್ಪು ಬೆರೆಸಿ ಬೇಯಿಸಿದ ಭಜ್ಜಿ, ರೊಟ್ಟಿ, ಕಡಬಿನಲ್ಲಿ ಮೊದಲ ತುತ್ತನ್ನು ಭೂಮಿಗೆ ಕೊಡಬೇಕು. ಹಾಗೆ ಚೆಲ್ಲಿದವರ ಕೈಯಲ್ಲಿ ಮುಂದಿನ ಎಳ್ಳಮಾಸಿಯವರೆಗೆ ಎಕರೆ ಇರಬೇಕು. ಹೊಲ ಚೆನ್ನಾಗಿ ಮಾಡಿದವರಿಗೆ ಬಹುಮಾನವಾಗಿ ಇನ್ನಷ್ಟು ಹೊಲ. ಮುತ್ಯಾನಿಗೆ ಬೇರೆ ಬಹುಮಾನ ತೋಚಿರಲಿಲ್ಲ, ನನಗೂ ಇದಕ್ಕಿಂತ ಒಳ್ಳೆಯದು ತೋಚುವುದಿಲ್ಲ.

ನಂತರ ಸಂಘಕ್ಕೆ ವಯಸ್ಸಾಯಿತು, ಸದಸ್ಯರು ಒಬ್ಬೊಬ್ಬರಾಗಿ ನೌಕರಿಗೆ ಹೋದರು, ಶಾಲು ಅವರ ಹಿಂದೆಯೇ ಹೋಯಿತು. ಶಾಲು ಹೊದ್ದವರು ವರ್ಷ ವರ್ಷವೂ ಶಾಸ್ತ್ರಕ್ಕೆಂದು ಬದುವಿನ ಮೇಲೆ ಒಂದು ಸುತ್ತು ಬಂದು, ಚರಗ ಚೆಲ್ಲಿ, ಬಸ್ ಹತ್ತುವ ಮುನ್ನ 'ಎಕರೆ ನೀನೇ ನೋಡ್ಕೊ ಸವಿತಾ' ಎಂದು ಹೇಳಿ ಹೋಗುತ್ತಿದ್ದರು. ನಾನೂ ನೋಡಿಕೊಂಡೆ. ನಮ್ಮ ಸ್ವಂತದ್ದು ಕಲ್ಲು ಹೆಕ್ಕಿದಷ್ಟೂ ಕಲ್ಲು ಹುಟ್ಟುವ ಮಸಾರಿಯ ಒಂದು ತುಂಡು. ಬಿತ್ತಿದ್ದು ಬಿತ್ತಿದ ಹಾಗೇ ಮೇಲೆ ಬರುವ ಕರಿ ಎರೆ ನನ್ನ ಕಾಲಿಗೆ ಹತ್ತಿದ್ದು ಇದೊಂದೇ. ಅವರ ಹೆಸರಿನಲ್ಲಿ ನಾನು ತೊಗರಿ ಬೆಳೆದೆ, ನನ್ನ ತೊಗರಿ ನೋಡಲು ಪಕ್ಕದ ಊರಿನವರು ಬಂದರು, ಮರುವರ್ಷ ಮತ್ತೆ ಬೇರೆಯವರಿಗೆ ಶಾಲು ಹೊದಿಸುವಾಗ ನಾನು ಖುರ್ಚಿ ಹಾಕಿದೆ.

ಈ ವರ್ಷ ನಾಚಿಕೆ ಬಿಟ್ಟು ಅಧ್ಯಕ್ಷರನ್ನು ಕೇಳಿಯೇಬಿಟ್ಟೆ, ಒಂದು ಸಲ ನನ್ನ ಹೆಸರನ್ನೂ ವಿಚಾರ ಮಾಡಬಹುದೇ ಎಂದು. ಅವರಿಗೆ ನಿಜವಾಗಿಯೂ ಆಶ್ಚರ್ಯವಾಯಿತು. 'ಹೊಲ ಮಾಡೂದು ಏನ್ ಸಾಧನಾ ತಂಗಿ? ಅದು ಎಲ್ಲಾರೂ ಮಾಡ್ತಾರ. ನೌಕರಿ ಹಿಡದವರನ್ನ ತೋರಿಸಿದ್ರ ಹುಡುಗೂರಿಗೆ ಹುರುಪು ಬರತೈತಿ' ಎಂದರು. ಯಾವುದಕ್ಕೆ ಹುರುಪು ಎಂದು ನಾನು ಕೇಳಲಿಲ್ಲ. ಮಾನ್ಯರೇ, ತಮ್ಮಂಥವರ ಮುಂದೆ ಮುಚ್ಚಿಡುವುದೇನು, ಆ ಮಾತಿನಿಂದ ನನಗೆ ಬಹಳ ನೋವಾಯಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು; ಅವರು ಪ್ರೀತಿಯಿಂದ ಹೇಳಿದರು, ಹೇಳಿ ಸಮಾರಂಭಕ್ಕೆ ಹಾಸಲು, ಮಳೆ ಬಂದರೆ ರಾಶಿ ಮುಚ್ಚುವ ನನ್ನ ತಾಡಪತ್ರಿ ಕೇಳಿದರು, ನಾನು ಕೊಟ್ಟೆ.

ಎಳ್ಳಮಾಸಿಯ ದಿನ ನಡೆದದ್ದಕ್ಕೆ ತಾವೇ ಮುಖ್ಯ ಸಾಕ್ಷಿ. ಸಂಜೀವಕುಮಾರ ಅವರು ಬಿಳಿ ಬೂಟು ಹಾಕಿಕೊಂಡು ಬಂದಿದ್ದರು. ಶಾಲು ಹೊದಿಸಿದ್ದಾಯಿತು, ಭಾಷಣವಾಯಿತು, ಅಮ್ಮ ಚರಗದ ಬುಟ್ಟಿಯನ್ನು ಅವರ ಕೈಗೆ ಕೊಟ್ಟಳು. ಅವರು ಬದುವಿನ ಇಬ್ಬನಿಯನ್ನೂ ಕರಿ ಮಣ್ಣನ್ನೂ ಒಮ್ಮೆ ನೋಡಿದರು, ಬೂಟನ್ನು ಒಮ್ಮೆ ನೋಡಿದರು. 'ಫೋಟೋಕ್ಕ ಇಲ್ಲೇ ಲೈಟ್ ಚಲೋ ಐತ್ರಿ' ಎಂದು ಯಾರೋ ಅಂದದ್ದೇ ತಡ, ತಮ್ಮ ಮುಂದೆ ಬಂದು ನಿಂತು, 'ಹುಲ್ಲುಲ್ಲಿಗೋ' ಎಂದು ಚರಗದ ಕೂಗು ಹಾಕಿ, ಕೈತುಂಬ ಭಜ್ಜಿ ರೊಟ್ಟಿಯನ್ನು ತಮ್ಮ ಕಡೆಗೇ ಚೆಲ್ಲಿದರು. ಚರಗ ಹೋಗಿ ಬೋರ್ಡಿನಲ್ಲಿರುವ ಅವರದೇ ಮುಖದ ಮೇಲೆ ಬಿತ್ತು. ಭಜ್ಜಿಯ ಒಂದು ಅವರೆಕಾಳು ತುಟಿಯ ಹತ್ತಿರವೇ ಅಂಟಿಕೊಂಡದ್ದು ಹೋದ ವಾರದವರೆಗೂ ಕಾಣುತ್ತಿತ್ತು. ಎಲ್ಲರೂ ಚಪ್ಪಾಳೆ ತಟ್ಟಿ, ಬುಟ್ಟಿಯನ್ನು ಅಲ್ಲಿಯೇ ಇಟ್ಟು, ಊಟದ ಪಂಕ್ತಿಗೆ ಹೋದರು.

ಪೈರು ಉಪವಾಸ ಬಿದ್ದಿತ್ತು. ಅಮ್ಮ ನನ್ನ ಮುಖ ನೋಡಿದಳು. 'ಭೂಮಿತಾಯಿ ಏನ್ ಪಾಪ ಮಾಡ್ಯಾಳ, ಬಾ' ಎಂದು ಬುಟ್ಟಿ ಎತ್ತಿಕೊಂಡಳು. ನಾನು ಮುಂದೆ ಚೆಲ್ಲುತ್ತ, ಅವಳು ಹಿಂದಿನಿಂದ ನೀರು ಚಿಮುಕಿಸುತ್ತ ಎಕರೆಯ ಸುತ್ತ ಬಂದೆವು. ಊಟಕ್ಕೆ ಕುಳಿತವರೆಲ್ಲ ನಮಗೆ ಬೆನ್ನು ಮಾಡಿದ್ದರು, ಹೊಲದ ಕಡೆ ಮುಖ ಮಾಡಿ ನಿಂತಿದ್ದವರು ತಾವೊಬ್ಬರೇ.

ಪಂಕ್ತಿಯಲ್ಲಿ ಆದ ಮಾತು ನನಗೆ ಪಾತ್ರೆ ತೊಳೆಯುವಾಗ ತಿಳಿಯಿತು. ಸಂಜೀವಕುಮಾರ ಅವರಿಗೆ ಎಕರೆಯನ್ನು ನನಗೆ ಬಿಟ್ಟು ಹೋಗುವ ವಿಚಾರವಿಲ್ಲ. 'ರೋಡ್ ಸೈಡ್ ಐತಿ, ಒಂದು ಧಾಬಾ ಹಾಕ್ಸಿದ್ರ ಹೆಂಗ?' ಎಂದು ಕೇಳಿದ್ದಾರೆ, ಅಧ್ಯಕ್ಷರು 'ಸಂಘದ ಹೆಸರು ಬೆಳಿತೈತಿ' ಎಂದು ಹೋಳಿಗೆ ಬಾಯಲ್ಲಿಟ್ಟುಕೊಂಡೇ ಒಪ್ಪಿದ್ದಾರೆ. ಒಮ್ಮೆ ಆ ಎರೆಯ ಮೇಲೆ ಗರಸು ಮಣ್ಣು ಹಾಕಿ ಹೊಡೆದು ಗಟ್ಟಿ ಮಾಡಿದರೆ ಅದು ಮತ್ತೆ ಹೊಲವಾಗುವುದಿಲ್ಲ. ಮುಂದಿನ ವರ್ಷ ಯಾರಿಗೆ ಶಾಲು ಹೊದಿಸಿದರೂ ಚರಗ ಚೆಲ್ಲುವುದು ತಂದೂರಿ ಒಲೆಗೆ.

ಇಂಥ ಚಿಂತೆಯಲ್ಲಿಯೇ ತೊಗರಿ ಕೊಯ್ದು ಕಣಕ್ಕೆ ತಂದೆ. ಸಂಕ್ರಮಣ ಮುಗಿದ ಮೇಲೆ ಅಮೀನಸಾಬ ಕಾಕಾ ತಮ್ಮ ರಾಶಿ ಮಷೀನು ತಂದು ಕಾಳು ಬೇರೆ ಮಾಡಿಕೊಟ್ಟರು. ಕಾಳಿನ ರಾಶಿ ಬಂಗಾರದ ಹಾಗೆ ಬಿದ್ದಿದೆ, ಚೀಲಕ್ಕೆ ಇನ್ನೂ ತುಂಬಿಲ್ಲ, ಅಷ್ಟರಲ್ಲಿ ಇಳಿಹೊತ್ತಿನಲ್ಲಿ ಭೀಮಾ ನದಿಯ ಕಡೆಯಿಂದ ಕಾಲವಲ್ಲದ ಕಾಲದಲ್ಲಿ ಮೋಡ ಎದ್ದಿತು. ತಾಡಪತ್ರಿಗಾಗಿ ಅಧ್ಯಕ್ಷರಿಗೆ ಫೋನ್ ಮಾಡಿದೆ. ಅದು ಸಮಾರಂಭ ಮುಗಿದಾಗಿನಿಂದ ಅವರ ಹೊಸ ಕಾರಿಗೆ ಹೊದಿಕೆಯಾಗಿತ್ತು. 'ಮಳಿ ಬರೂ ಹಂಗ ಐತಲ್ಲ ತಂಗಿ, ಈಗ ಹೆಂಗ ತೆಗೀಲಿ?' ಎಂದರು. ಅವರ ಕಷ್ಟ ನನಗೆ ಅರ್ಥವಾಯಿತು.

ಆಗ ಅಮೀನಸಾಬ ಕಾಕಾ ಬದುವಿನ ಮೇಲೆ ನಿಂತಿದ್ದ ತಮ್ಮ ಕಡೆ ಕೈ ತೋರಿಸಿ, 'ಇಷ್ಟು ಮಂದಿ ಸಾಧಕರು ಖಾಲಿ ನಿಂತಾರಲ್ಲ ಬೇಟಿ, ಒಂದೀಟು ಕೆಲಸಕ್ಕ ಕರಿ' ಎಂದರು. ಅವರು ಕುಡುಗೋಲಿನಿಂದ ಹಗ್ಗ ಕೊಯ್ದರು, ನಾನು ಎಳೆದೆ. ತಾವು ಒಂದು ಮಾತೂ ಆಡದೆ, ಬಿಳಿ ಬೂಟು ನೋಡಿಕೊಳ್ಳದೆ, ಫೋಟೋಕ್ಕೂ ಕಾಯದೆ ದಡದಡ ಕೆಳಗಿಳಿದು ಬಂದು ರಾಶಿಯ ಮೇಲೆ ಬೋರಲು ಮಲಗಿದಿರಿ. ಮಳೆ ಮನಸ್ಸಿಗೆ ಬಂದಂತೆ ಹೊಡೆಯಿತು. ಮರುದಿನ ಮುಂಜಾನೆ ಅಂಚು ಎತ್ತಿ ಕೈ ಹಾಕಿ ನೋಡಿದೆ, ಕಾಳು ಒಣಗಿಯೇ ಇತ್ತು, ಬೆಚ್ಚಗಿತ್ತು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು, ನಾನೂ ಅತ್ತೆ. ಸಂಘದ ಶಾಲು ಹೊದ್ದ ಯಾರೂ ಇದುವರೆಗೆ ಮಾಡದ ಕೆಲಸವನ್ನು ತಾವು ಮಾಡಿದಿರಿ. ಚರಗ ಉಂಡ ಋಣವನ್ನು ತಾವು ತೀರಿಸಿದಿರಿ.

ಇದನ್ನೆಲ್ಲ ಅಮಾತೆಪ್ಪ ಮುತ್ಯಾನ ಮುಂದೆ ಹೇಳಿದೆ. ಮುತ್ಯಾ ಎಲೆಅಡಿಕೆ ಮೆಲ್ಲುತ್ತ ಬಹಳ ಹೊತ್ತು ಕೇಳಿ, 'ಎಕರೆ ಶಾಲಿಗೆ ಕೊಟ್ಟಿಲ್ಲವ್ವ, ಚರಗಕ್ಕ ಕೊಟ್ಟೀನಿ. ಸುತ್ತ ಬಂದು ಯಾರು ಚೆಲ್ಯಾರ ಅವರು ಮಾಡ್ಲಿ' ಎಂದ. ಈ ಮಾತು ಊರಲ್ಲಿ ಹಬ್ಬಿ ಬರುವ ರವಿವಾರ ಎಕರೆಯಲ್ಲಿಯೇ ಸಂಘದ ಸಭೆ ಕರೆದಿದ್ದಾರೆ. ಅಧ್ಯಕ್ಷರು 'ಸಂಜೀವಕುಮಾರ ಚೆಲ್ಯಾನ, ನಾವೆಲ್ಲ ಕಣ್ಣಾರೆ ನೋಡೀವಿ' ಎನ್ನುತ್ತಾರೆ. ಸಂಜೀವಕುಮಾರ ಅವರು ತಮ್ಮ ಮೊಬೈಲಿನ ಸ್ಟೇಟಸ್ಸಿನಲ್ಲಿ 'ಭೂತಾಯಿಗೆ ನನ್ನ ಚರಗ' ಎಂದು ಬರೆದು ಫೋಟೋ ಹಾಕಿದ್ದನ್ನು ನಾನು ಉಳಿಸಿಟ್ಟುಕೊಂಡಿದ್ದೇನೆ. ಫೋಟೋದಲ್ಲಿ ಅವರಿದ್ದಾರೆ, ಶಾಲು ಇದೆ, ತಾವಿದ್ದೀರಿ. ಭೂತಾಯಿ ಮಾತ್ರ ಎಲ್ಲಿಯೂ ಕಾಣುವುದಿಲ್ಲ. ಅವರು ಚೆಲ್ಲಿದ್ದು ಎಲ್ಲಿಗೆ ಎಂಬುದಕ್ಕೆ ಆ ಫೋಟೋ ಸಾಕು. ಎಕರೆಯ ಸುತ್ತ ಚೆಲ್ಲಿದವರು ಯಾರು ಎಂಬುದಕ್ಕೆ ತಮ್ಮ ಸಾಕ್ಷಿ ಬೇಕು.

ಆದಕಾರಣ ತಮ್ಮಲ್ಲಿ ನನ್ನ ಪ್ರಾರ್ಥನೆ ಏನೆಂದರೆ, ರವಿವಾರ ತಾವು ದಯಮಾಡಿ ಸಭೆಗೆ ಬಂದು, ಅಷ್ಟೂ ಸಾಧಕರ ಬಾಯಿಂದ ಕಂಡದ್ದನ್ನು ಕಂಡಂತೆ ಹೇಳಬೇಕು. ಮಾತು ಬರುವುದಿಲ್ಲವೆಂದರೆ ಸಂಜೀವಕುಮಾರ ಅವರ ತುಟಿಯ ಮೇಲಿನ ಭಜ್ಜಿಯ ಕಲೆಯನ್ನಾದರೂ ತೋರಿಸಬೇಕು. ಕೆಲಸ ಮುಗಿದ ಮೇಲೆ ತಮ್ಮ ನೆತ್ತಿಯ 'ಮಣ್ಣಿನ ಮಕ್ಕಳು' ಎಂಬ ಅಕ್ಷರಗಳು ತಾವಾಗಿಯೇ ಇಳಿದು ಮೂಲೆಯ ಆ ಹೆಣ್ಣುಮಗಳ ಹತ್ತಿರ ಹೋಗಿ ನಿಲ್ಲಬೇಕು, ಅವಳ ಕೈಯ ಗೋಧಿ ತೊಗರಿಯಾಗಬೇಕು, ಅವಳಿಗೊಂದು ಹೆಸರು ಬರಬೇಕು. ಮುಂದಿನ ಎಳ್ಳಮಾಸಿಗೆ ಶಾಲನ್ನು ತಮಗೇ ಹೊದಿಸಬೇಕೆಂದು ಸಭೆಯಲ್ಲಿ ನಾನೇ ಸೂಚಿಸುತ್ತೇನೆ, ಅಮೀನಸಾಬ ಕಾಕಾ ಅನುಮೋದಿಸಲು ಒಪ್ಪಿದ್ದಾರೆ. ನೌಕರಿಯಲ್ಲಿ ಇಲ್ಲದವರಿಗೆ ಸನ್ಮಾನವಿಲ್ಲ ಎಂದು ಯಾರಾದರೂ ತಕರಾರು ತೆಗೆದರೆ, ತಾವು ರಸ್ತೆ ಬದಿಯಲ್ಲಿ ಬಿಸಿಲೆನ್ನದೆ ಹಗಲಿಡೀ ನಿಂತು ಡ್ಯೂಟಿ ಮಾಡಿದ್ದನ್ನು ಹೇಳುತ್ತೇನೆ.

ಮತ್ತೆ ಮಳೆ ಬಂದರೂ ತಾವು ಇದ್ದೀರೆಂಬ ಧೈರ್ಯದಲ್ಲಿರುವ,

ತಮ್ಮ ವಿಶ್ವಾಸಿ,
ಸವಿತಾ
(ಸಾಧನೆ: ಎಲ್ಲರೂ ಮಾಡುವುದು)

ತಾ.ಕ.: ಗಾಳಿಗೆ ತಾವು ಹಾರಿಹೋಗಬಾರದೆಂದು ಸಾಧಕರಲ್ಲಿ ಒಬ್ಬೊಬ್ಬರ ಬೆನ್ನ ಮೇಲೂ ಒಂದೊಂದು ಕಲ್ಲು ಇಟ್ಟಿದ್ದೇನೆ, ಭಾರವಾದರೆ ಕ್ಷಮಿಸಬೇಕು. ಈ ಪತ್ರ ಮುಗಿಸುವಾಗ ಅಧ್ಯಕ್ಷರ ಫೋನ್ ಬಂದಿತ್ತು, ರವಿವಾರದ ಸಭೆಗೆ ಹಾಸಲು ತಾಡಪತ್ರಿ ಬೇಕಂತೆ. ನನ್ನದು ಅವರ ಕಾರಿನ ಮೇಲಿದೆ, ಇರಲಿ, ನಾನು ಬೇರೆಯದೊಂದು ತರುತ್ತೇನೆ ಎಂದಿದ್ದೇನೆ. ತರುವುದು ತಮ್ಮನ್ನೇ, ಮುಖ ಮೇಲಾಗಿ ಹಾಸುತ್ತೇನೆ. ಯಾರ ಮುಖದ ಮೇಲೆ ಯಾರು ಕೂಡಬೇಕೆಂಬುದನ್ನು ಸಂಘದವರು ತಮ್ಮತಮ್ಮೊಳಗೆ ಮಾತಾಡಿ ತೀರ್ಮಾನಿಸಿಕೊಳ್ಳಲಿ. ಬಲಗಡೆಯ ಕೆಳಮೂಲೆಯನ್ನು ಮಾತ್ರ ಯಾರೂ ಹಿಡಿಯಬಾರದು, ಅಲ್ಲಿ ನಾನು ಕೂಡುತ್ತೇನೆ.