ಮೂರರಲ್ಲೊಂದು ಪಾಲು ತರಕಾರಿ

ತೋಟದ ಹುಳುಗಳಿಗೆ ಫುಟ್‌ಬಾಲ್ ಮೇಲೆ ಆಸಕ್ತಿ ಇರಲಿಲ್ಲ. ಎಗೋನ್ ಕ್ಲೆಮ್‌ನ ಫಜೀತಿ ಶುರುವಾದದ್ದು ಅಲ್ಲಿಂದಲೇ.

ಎಗೋನನ ಹೆಂಡತಿ ಆನೆಗ್ರೆಟ್ ಸೊಂಟನೋವಿನ ಚಿಕಿತ್ಸೆಗೆಂದು ಮೂರು ವಾರ ಸಮುದ್ರತೀರದ ಆರೋಗ್ಯಧಾಮಕ್ಕೆ ಹೋಗಿದ್ದಳು. ಹೋಗುವಾಗ ಗಂಡನಿಗೆ ಒಂದೇ ಒಂದು ಕೆಲಸ ಹೇಳಿದ್ದಳು. ದಿನಾ ಸಂಜೆ ತೋಟಕ್ಕೆ ಹೋಗಿ, ತರಕಾರಿ ಮಡಿಗಳಲ್ಲಿ ಹರಿದಾಡುವ ಚಿಪ್ಪಿಲ್ಲದ ಬಸವನಹುಳುಗಳನ್ನು ಆರಿಸಿ ಬಕೆಟ್ಟಿಗೆ ಹಾಕಬೇಕು, ಅಷ್ಟೆ. ಆದರೆ ಆ ಮೂರು ವಾರವೂ ಸಂಜೆ ಹೊತ್ತಿಗೇ ಟಿವಿಯಲ್ಲಿ ಪಂದ್ಯಗಳಿದ್ದವು. ಎಗೋನ್ ದಿನಾ ನಾಳೆ ಹೋದರಾಯಿತು ಅಂದುಕೊಂಡ. ಹುಳುಗಳು ಮಾತ್ರ ಯಾವುದನ್ನೂ ನಾಳೆಗೆ ಬಿಡಲಿಲ್ಲ.

ಆನೆಗ್ರೆಟ್ ವಾಪಸು ಬರುವ ಶನಿವಾರ ಬೆಳಿಗ್ಗೆ ಅವನು ತೋಟಕ್ಕೆ ಬಂದು ನೋಡಿದರೆ ಲೆಟ್ಯೂಸ್ ಇರಲಿಲ್ಲ, ನವಿಲುಕೋಸು ಇರಲಿಲ್ಲ, ಕ್ಯಾರೆಟ್ ಸೊಪ್ಪಿನ ಒಂದು ಎಳೆಯೂ ಇರಲಿಲ್ಲ. ಕೋಲಿಗೆ ಹಬ್ಬಿದ್ದ ಬೀನ್ಸ್ ಬಳ್ಳಿಯೊಂದು ಮಾತ್ರ ಬದುಕಿತ್ತು. ಇಷ್ಟು ತಿಂದ ಮೇಲೆ ಅಷ್ಟೆತ್ತರ ಹತ್ತುವ ಉಮೇದು ಹುಳುಗಳಿಗೂ ಉಳಿದಿರಲಿಕ್ಕಿಲ್ಲ. ಅದಕ್ಕಿಂತ ದೊಡ್ಡ ಏಟು ಗೇಟಿನ ಹಲಗೆಯ ಮೇಲೆ ಕಾದಿತ್ತು. ಇವತ್ತು ಮಧ್ಯಾಹ್ನ ಮೂರಕ್ಕೆ ಸಂಘದವರಿಂದ ತೋಟಗಳ ತಪಾಸಣೆ.

ನಮ್ಮ ಲೈಪ್‌ಜಿಗ್‌ನಲ್ಲಿ ಹೆಂಡತಿ ಮುನಿಸಿಕೊಂಡರೆ ಸಮಾಧಾನ ಮಾಡಬಹುದು, ತೋಟದ ಸಂಘ ಮುನಿಸಿಕೊಂಡರೆ ಮುಗಿಯಿತು. ಊರಂಚಿನ ಜಾಗವನ್ನು ಪುಟ್ಟ ಪುಟ್ಟ ತೋಟಗಳಾಗಿ ಸದಸ್ಯರಿಗೆ ಗೇಣಿಗೆ ಕೊಡುವ 'ಬೆಳಗಿನ ಇಬ್ಬನಿ' ಸಂಘದ ನಿಯಮ ಬಹಳ ಸರಳ. ಪ್ರತಿ ತೋಟದ ಮೂರರಲ್ಲೊಂದು ಪಾಲಿನಲ್ಲಿ ತಿನ್ನುವಂಥದ್ದೇ ಬೆಳೆದಿರಬೇಕು. ಇಲ್ಲದಿದ್ದರೆ ಎಚ್ಚರಿಕೆ, ಇನ್ನೊಂದು ಎಚ್ಚರಿಕೆ, ಆಮೇಲೆ ತೋಟ ಖಾಲಿ ಮಾಡಬೇಕು. ಎರಡು ಎಚ್ಚರಿಕೆಗಳೂ ಎಗೋನನಿಗೆ ಹಿಂದಿನ ಬೇಸಿಗೆಗಳಲ್ಲೇ ಸಿಕ್ಕಿಯಾಗಿದ್ದವು. ತೋಟಕ್ಕಾಗಿ ಕಾಯುವವರ ಸಾಲು ಎಷ್ಟು ಉದ್ದವಿತ್ತೆಂದರೆ, ಇವನು ಬೀಗದ ಕೈ ಕೊಡುವ ಮೊದಲೇ ಇನ್ನೊಬ್ಬರು ಬಂದು ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು.

ನಿಜ ಹೇಳಬೇಕೆಂದರೆ ಎಗೋನನಿಗೆ ಈ ತೋಟವೆಂದರೆ ಮೊದಲಿನಿಂದಲೂ ಆಗದು. ಬಗ್ಗಿದರೆ ಬೆನ್ನು, ಕೂತರೆ ಮಂಡಿ, ಮಲಗಿದರೆ ಅಕ್ಕಪಕ್ಕದವರ ಉಪದೇಶ. ಆದರೆ ಇದು ಆನೆಗ್ರೆಟ್‌ಳ ಅಪ್ಪ ಬೆಳೆಸಿದ ತೋಟ. ಅವಳ ಜೀವವೇ ಇದರಲ್ಲಿದೆ ಎಂದು ಅವನು ಮದುವೆಯಾದಾಗಿನಿಂದ ನಂಬಿದ್ದ. ಅವಳು ಪೆಟ್ಟಿಗೆ ಹಿಡಿದು ಬಂದಾಗ 'ತೋಟ ಹೋಯಿತು' ಎಂದು ಹೇಳುವುದನ್ನು ನೆನೆಸಿಕೊಂಡರೇ ಅವನಿಗೆ ಅಳು ಬರುವಂತಾಯಿತು.

"ಏನ್ರೀ ಕ್ಲೆಮ್, ಆಕಾಶ ತಲೆ ಮೇಲೆ ಬಿದ್ದೋರ ಹಾಗೆ ನಿಂತಿದ್ದೀರಲ್ಲ?" ಎಂದು ಬೇಲಿಯಾಚೆಯಿಂದ ಬಲಪಕ್ಕದ ತೋಟದ ಫ್ರಾವ್ ಹೆಂಪೆಲ್ ಕೇಳಿದರು. ಎಪ್ಪತ್ತು ದಾಟಿದ ಹೆಂಗಸು. ಹಕ್ಕಿ ನೋಡಲೆಂದು ಕೊಂಡ ದುರ್ಬೀನಿನಲ್ಲಿ ಅವರು ಇಲ್ಲಿಯವರೆಗೆ ಒಂದು ಹಕ್ಕಿಯನ್ನೂ ನೋಡಿದವರಲ್ಲ.

"ಹುಳು ಎಲ್ಲಾ ತಿಂದ್ಬಿಟ್ಟಿವೆ ಫ್ರಾವ್ ಹೆಂಪೆಲ್."

"ನೋಡ್ದೆ. ಮೂರು ವಾರದಿಂದ ನೋಡ್ತಾನೇ ಇದ್ದೀನಿ."

"ಮತ್ತೆ ಒಂದು ಫೋನ್ ಮಾಡೋದಲ್ವಾ?"

"ಬೇರೆಯವರ ತೋಟದ ವಿಚಾರದಲ್ಲಿ ನಾನು ಮೂಗು ತೂರಿಸೋಳಲ್ಲಪ್ಪ," ಎನ್ನುತ್ತ ಅವರು ಗೇಟು ತೆಗೆದು ಒಳಗೇ ಬಂದರು. "ಈಗ ಕೇಳಿ. ಈ ತೋಟ ನಿಮ್ಮ ಕೈ ಬಿಟ್ರೆ ಮುಂದಿನ ಸರದಿ ಯಾರದು ಗೊತ್ತಾ? ನಾಲ್ಕು ಮಕ್ಕಳ ಸಂಸಾರ. ಒಬ್ಬ ತುತ್ತೂರಿ ಕಲೀತಿದ್ದಾನೆ. ನನಗೆ ನೀವೇ ವಾಸಿ, ಬಿದ್ಕೊಂಡಿರ್ತೀರಿ, ಸದ್ದಿಲ್ಲ. ಹೋಗಿ, ಮಾರ್ಕೆಟ್ಟಿಂದ ತರಕಾರಿ ತಂದು ನೆಡಿ."

"ಕಿತ್ತ ತರಕಾರೀನಾ?"

"ಅಧ್ಯಕ್ಷರೇನು ಬೇರು ಎಣಿಸ್ತಾರಾ?"

ಎಗೋನ್ ಸೈಕಲ್ ಹತ್ತಿ ಓಡಿದ. ಎರಡು ಚೀಲ ತುಂಬ ಲೆಟ್ಯೂಸ್, ನವಿಲುಕೋಸು, ಸೊಪ್ಪು ಸಮೇತದ ಕ್ಯಾರೆಟ್, ಕಂತೆ ಕಂತೆ ಕೆಂಪು ಮೂಲಂಗಿ ಹೇರಿಕೊಂಡು ಬರುವಾಗ ದಾರಿಯಲ್ಲಿ ಒಂದು ಚೀಲ ಹರಿಯಿತು. ನವಿಲುಕೋಸುಗಳು ಟ್ರಾಮ್ ಹಳಿಯ ಮೇಲೆ ಉರುಳಿದವು. ಚಾಲಕ ಟ್ರಾಮ್ ನಿಲ್ಲಿಸಿ, ಇವನು ಕೊನೆಯದನ್ನು ಆರಿಸುವವರೆಗೆ ಗಂಟೆ ಹೊಡೆಯುತ್ತಲೇ ಕೂತಿದ್ದ. ಹೀಗಾಗಿ ಅವನು ತೋಟ ಮುಟ್ಟಿದಾಗ ಮಧ್ಯಾಹ್ನದ ಮೌನದ ಹೊತ್ತು ಆಗಲೇ ಶುರುವಾಗಿತ್ತು.

ಒಂದರಿಂದ ಮೂರರವರೆಗೆ ಸಂಘದ ತೋಟಗಳಲ್ಲಿ ಯಾರೂ ಸದ್ದು ಮಾಡುವಂತಿಲ್ಲ. ಎಗೋನ್ ಗುದ್ದಲಿ ಹಾಕಿದ ಮೊದಲ ಏಟಿಗೇ ಅದು ಕಲ್ಲಿಗೆ ಬಡಿದು ಠಣ್ ಎಂದಿತು. ನಾಲ್ಕೂ ದಿಕ್ಕಿನ ಬೇಲಿಗಳ ಹಿಂದಿನಿಂದ "ಶ್" ಎಂಬ ಸದ್ದು ಬಂತು. ಕೊನೆಗೆ ಅವನು ತೋಟದ ಮೂಲೆಯಲ್ಲಿದ್ದ ಪುಟ್ಟ ಮರದ ಮನೆಯೊಳಗಿಂದ ಸೂಪಿನ ಚಮಚ ತಂದು, ಮಂಡಿಯೂರಿ, ಕಳ್ಳನ ಹಾಗೆ ಮಣ್ಣು ತೋಡತೊಡಗಿದ.

ಅಷ್ಟರಲ್ಲಿ ಎಡಪಕ್ಕದ ತೋಟದ ಲೋಟಾರ್ ಕೈಯಲ್ಲಿ ಮೂರು ಸೌತೆಕಾಯಿ ಹಿಡಿದುಕೊಂಡು ಬಂದ. ಆ ಮರದ ಮನೆಯಲ್ಲಿದ್ದ ಎಗೋನನ ಫ್ರಿಜ್ಜಿನಲ್ಲೇ ತನ್ನ ಬಿಯರ್ ಇಡುವವನು ಅವನು. ತೋಟ ಹೋದರೆ ಫ್ರಿಜ್ಜೂ ಹೋಗುತ್ತದೆ.

"ಬರೀ ನೆಲದ ಮೇಲಿದ್ರೆ ಸಾಲದು ಕಣೋ, ಮೇಲೂ ಏನಾದ್ರೂ ನೇತಾಡ್ಬೇಕು," ಎಂದು ಪಿಸುಗುಟ್ಟಿದ.

"ಅದು ಬೀನ್ಸ್ ಬಳ್ಳಿ, ಲೋಟಾರ್."

"ಬಳ್ಳಿ ಬಳ್ಳೀನೇ. ದಾರ ಕೊಡು."

"ಹಸಿರು ದಾರ ತಗೊಳ್ಳೋ, ಬೆಪ್ಪೇ," ಎಂದು ಫ್ರಾವ್ ಹೆಂಪೆಲ್ ಬೈದರು. ಮೂವರೂ ಬಾಯಿ ಬಿಡದೆ ಕೈಸನ್ನೆಯಲ್ಲೇ ಜಗಳವಾಡುತ್ತ, ಒಬ್ಬರು ನೆಟ್ಟದ್ದನ್ನು ಇನ್ನೊಬ್ಬರು ಕಿತ್ತು ನೆಡುತ್ತ, ಮೂರು ಹೊಡೆಯುವ ಹೊತ್ತಿಗೆ ಮಡಿಗಳನ್ನು ತುಂಬಿಸಿದರು. ಕೊನೆಯಲ್ಲಿ ಕಂತೆ ಬಿಚ್ಚಲು ಪುರುಸೊತ್ತಿಲ್ಲದೆ ಎಗೋನ್ ಮೂಲಂಗಿಯನ್ನು ಕಂತೆ ಕಂತೆಯಾಗಿಯೇ ಹೂತುಬಿಟ್ಟ.

ಅಧ್ಯಕ್ಷ ಡಿಸ್ಟೆಲ್ ಬಂದರು. ಮಡಿಚುವ ಅಳತೆಪಟ್ಟಿ ಅವರ ಕೈಯಲ್ಲಿ ಸದಾ ಇರುತ್ತಿತ್ತು. ಹೆಂಡತಿಯ ಕೂದಲನ್ನೂ ಅಳೆದೇ ಬಾಚಲು ಬಿಡುತ್ತಾರೆ ಎಂದು ಜನ ಆಡಿಕೊಳ್ಳುತ್ತಿದ್ದರು. ಹಿಂದೆ ಸಂಘದ ಹತ್ತಾರು ಸದಸ್ಯರು, ಎಲ್ಲರ ಮುಖವೂ ಜೋತುಬಿದ್ದಿತ್ತು. ಈ ವರ್ಷ ಹುಳುಗಳು ಯಾರ ತೋಟವನ್ನೂ ಬಿಟ್ಟಿರಲಿಲ್ಲ.

ಡಿಸ್ಟೆಲ್ ಬೇಲಿ ಅಳೆದರು. ಆಮೇಲೆ ಮಡಿಗಳ ಕಡೆ ತಿರುಗಿದವರು ಹಾಗೇ ನಿಂತುಬಿಟ್ಟರು.

"ಇದೇನ್ರೀ ಕ್ಲೆಮ್?"

"ತರಕಾರಿ," ಎಂದ ಎಗೋನ್.

"ಬೀನ್ಸ್ ಬಳ್ಳಿಗೆ ಸೌತೆಕಾಯಿ ಬಿಟ್ಟಿದೆ."

"ಹೊಸ ತಳಿ ಸಾರ್," ಎಂದು ಲೋಟಾರ್ ಬಾಯಿ ಹಾಕಿದ.

ಡಿಸ್ಟೆಲ್ ಸಂಘದವರತ್ತ ಒಮ್ಮೆ ನೋಡಿದರು. ತಮಗೆ ತಿಳಿಯದ ತಳಿಯೊಂದಿದೆ ಎಂದು ಅಷ್ಟು ಜನರ ಮುಂದೆ ಒಪ್ಪಿಕೊಳ್ಳುವ ಪೈಕಿ ಅವರಲ್ಲ. "ಗೊತ್ತು, ಗೊತ್ತು. ಹಾಲೆಂಡಿನದ್ದು," ಎಂದರು.

ಆಮೇಲೆ ಬಗ್ಗಿ ಒಂದು ಕ್ಯಾರೆಟ್ ಎಳೆದರು. ಅದು ಬೆಣ್ಣೆಯಿಂದ ಚಾಕು ಎಳೆದಷ್ಟು ಸಲೀಸಾಗಿ ಬಂತು. ಮಣ್ಣಿನ ಕಣವೂ ಅಂಟದೆ, ತೊಳೆದಿಟ್ಟ ಹಾಗೆ ಹೊಳೆಯಿತು. ಎಗೋನ್ ಕಣ್ಣು ಮುಚ್ಚಿಕೊಂಡ. ಆನೆಗ್ರೆಟ್‌ಳ ಮುಖ ಕಣ್ಣ ಮುಂದೆ ಬಂತು.

"ನೋಡಿದ್ರಾ?" ಎಂದು ಅಧ್ಯಕ್ಷರು ಕ್ಯಾರೆಟ್ ಎತ್ತಿ ಹಿಡಿದು ಗುಡುಗಿದರು. "ಮರಳು ಬೆರೆಸಿ, ಮರಳು ಬೆರೆಸಿ ಅಂತ ಎಷ್ಟು ವರ್ಷದಿಂದ ಬಡ್ಕೋತಿದ್ದೀನಿ? ಒಬ್ಬರಾದ್ರೂ ಕೇಳಿದ್ರಾ? ಈ ಮನುಷ್ಯ ಕೇಳಿದ್ದಾನೆ."

ಎಗೋನ್ ಒಂದು ಕಣ್ಣು ತೆರೆದ. ಅಧ್ಯಕ್ಷರು ಆಗಲೇ ಮೂಲಂಗಿ ಮಡಿಯ ಮೇಲೆ ಬಗ್ಗಿದ್ದರು. ಪ್ರತಿ ಕಂತೆಯ ಕುತ್ತಿಗೆಗೂ ಅಂಗಡಿಯವರು ಹಾಕಿದ ನೀಲಿ ರಬ್ಬರ್ ಬ್ಯಾಂಡ್ ಇತ್ತು. ಡಿಸ್ಟೆಲ್ ಅದನ್ನು ಬೆರಳಲ್ಲಿ ಮೀಟಿದರು, ಮೂಸಿದರು, ಮತ್ತೆ ಮೀಟಿದರು.

"ಇದರಿಂದಲೇ ಹುಳು ಹತ್ರ ಬಂದಿಲ್ಲ," ಎಂದರು ಮೆಲ್ಲಗೆ. "ರಬ್ಬರಿನ ವಾಸನೆ. ಗಿಡದ ಸುತ್ತ ರಬ್ಬರ್ ಉಂಗುರ. ಎಷ್ಟು ಸುಲಭದ ಉಪಾಯ ನೋಡ್ರಪ್ಪ, ನಮ್ಮ ಯಾರ ತಲೆಗೂ ಹೊಳೀಲಿಲ್ಲ."

"ಅದು... ಸುಮ್ನೆ..." ಎಂದು ಎಗೋನ್ ತೊದಲಿದ. ಫ್ರಾವ್ ಹೆಂಪೆಲ್ ಅವನ ಕಾಲು ತುಳಿದರು.

"ಎಷ್ಟು ಸಂಕೋಚ ನೋಡಿ ಇವರಿಗೆ," ಎಂದರು.

ಅಧ್ಯಕ್ಷರು ಬೆನ್ನು ನೆಟ್ಟಗೆ ಮಾಡಿ, ಗಂಟಲು ಸರಿಮಾಡಿಕೊಂಡು, ಅಲ್ಲೇ ಘೋಷಿಸಿದರು. ಹಳೆಯ ಎರಡೂ ಎಚ್ಚರಿಕೆಗಳು ರದ್ದು. ಎಗೋನ್ ಕ್ಲೆಮ್ ಇನ್ನು ಮುಂದೆ ಸಂಘದ ಹುಳು ನಿವಾರಣಾ ಸಲಹೆಗಾರ, ಪ್ರತಿ ಶನಿವಾರ ಎಲ್ಲ ತೋಟಗಳಿಗೂ ಅವನ ಭೇಟಿ. ಅಷ್ಟೇ ಅಲ್ಲ, ಕಳೆ ಬೆಳೆಸಿದ್ದಕ್ಕೆ ಮೊನ್ನೆಯಷ್ಟೇ ಖಾಲಿ ಮಾಡಿಸಿದ ಹಿಂದಿನ ತೋಟವೂ, ಪ್ರಯೋಗ ಮುಂದುವರಿಸಲು, ಸಾಲಿನಲ್ಲಿ ಕಾಯುವವರನ್ನು ಬಿಟ್ಟು ಕ್ಲೆಮ್ ದಂಪತಿಗಳಿಗೇ. ಜನ ಚಪ್ಪಾಳೆ ತಟ್ಟಿದರು.

ಆ ಚಪ್ಪಾಳೆಯ ನಡುವೆಯೇ ಗೇಟು ಕಿರುಗುಟ್ಟಿತು. ಆನೆಗ್ರೆಟ್ ಪೆಟ್ಟಿಗೆ ಹಿಡಿದು ನಿಂತಿದ್ದಳು. ಅಧ್ಯಕ್ಷರು ಅವಳ ಕೈ ಕುಲುಕಿ, "ನಿಮ್ಮ ತಂದೆ ಇರಬೇಕಿತ್ತು, ನೋಡಿ ಹಿಗ್ಗಿಹೋಗ್ತಿದ್ರು. ಈಗ ನಿಮಗೆ ಒಂದಲ್ಲ, ಎರಡು ತೋಟ," ಎಂದರು. ಅವಳ ಮುಖ ಬಿಳಿಚಿಕೊಂಡಿತು, ಕಣ್ಣಲ್ಲಿ ನೀರು ಬಂತು. ಎಲ್ಲರೂ ಸಂತೋಷ ತಡೆಯಲಾಗದೆ ಅಳುತ್ತಿದ್ದಾಳೆ ಎಂದುಕೊಂಡು, ಗಂಡ ಹೆಂಡಿರನ್ನು ಬಿಟ್ಟು ಹೊರಟುಹೋದರು.

ಎಗೋನ್ ಹೆಮ್ಮೆಯಿಂದ ಅವಳ ಹತ್ತಿರ ಹೋದ. ಅಂಗಿಯ ತುಂಬ ಮಣ್ಣು, ಕೈಯಲ್ಲಿ ಸೂಪಿನ ಚಮಚ. "ನಿನಗೋಸ್ಕರ ಉಳಿಸ್ಕೊಂಡೆ ಕಣೇ. ಎಲ್ಲಾ ಹುಳು ತಿಂದ್ಬಿಟ್ಟಿತ್ತು, ಮಾರ್ಕೆಟ್ಟಿಂದ ತಂದು ನೆಟ್ಟೆ," ಎಂದು ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದ.

ಆನೆಗ್ರೆಟ್ ಪೆಟ್ಟಿಗೆಯ ಮೇಲೆ ಕುಸಿದು ಕೂತಳು.

"ಈ ತೋಟ ಕಂಡ್ರೆ ನನಗೆ ಆಗಲ್ಲ, ಎಗೋನ್. ಚಿಕ್ಕಂದಿನಿಂದ ಆಗಲ್ಲ. ಸೊಂಟ ಹೋಗಿದ್ದು ಇಲ್ಲೇ. ನಾನಾಗಿ ಬಿಡಲ್ಲ ಅಂತ ಸಾಯೋ ಮುಂಚೆ ಅಪ್ಪ ಮಾತು ತಗೊಂಡ್ಬಿಟ್ಟಿದ್ರು. ಸಂಘದವರೇ ಕಿತ್ಕೊಂಡ್ರೆ ನಾನು ಮಾತು ತಪ್ಪಿದ ಹಾಗಾಗಲ್ಲ, ಅಲ್ವಾ?"

"ಮತ್ತೆ ಹುಳು ಆರಿಸು ಅಂತ ಹೇಳಿ ಹೋದೆಯಲ್ಲ?"

"ನೀನು ಆರಿಸಲ್ಲ ಅಂತ ಗೊತ್ತಿದ್ದೇ ಹೇಳಿದ್ದು. ಪಂದ್ಯ ನಡೆಯೋ ವಾರಗಳೇ ಬೇಕು ಅಂತ ಡಾಕ್ಟರ್ ಹತ್ರ ಕೇಳ್ಕೊಂಡು ಹೋದೆ. ಸಮುದ್ರದ ಹತ್ರ ಒಂದು ಮನೆ ಬೇರೆ ನೋಡಿಟ್ಟು ಬಂದಿದ್ದೀನಿ, ಎರಡು ಕುರ್ಚಿ ಹಿಡಿಯೋ ಬಾಲ್ಕನಿ, ಒಂದು ಹೂಕುಂಡಕ್ಕೂ ಜಾಗ ಇಲ್ಲ."

ಎಗೋನ್ ಸೂಪಿನ ಚಮಚವನ್ನು ಮಡಿಗೆ ಎಸೆದ. "ನನಗೂ ಈ ತೋಟ ಆಗಲ್ಲ ಕಣೇ," ಎಂದ. "ನಿನ್ನ ಮುಖ ನೋಡ್ಕೊಂಡು ಇಷ್ಟು ವರ್ಷ ಸುಮ್ನಿದ್ದೆ."

ಆನೆಗ್ರೆಟ್ ಸಾಲಾಗಿ ನಿಂತ ಲೆಟ್ಯೂಸ್ ನೋಡಿದಳು, ದಾರದಲ್ಲಿ ನೇತಾಡುವ ಸೌತೆಕಾಯಿ ನೋಡಿದಳು, ಹಿಂದಿನ ಖಾಲಿ ತೋಟದಲ್ಲಿ ಸೊಂಟದೆತ್ತರ ಬೆಳೆದ ಕಳೆ ನೋಡಿದಳು. ಆಮೇಲೆ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಮದುವೆ ಆದಾಗಿಂದ ನಿನ್ನ ಸೋಮಾರಿತನ ಒಂದು ದಿನಾನೂ ಕೈ ಕೊಟ್ಟಿರಲಿಲ್ಲ," ಎಂದಳು. "ನಾನು ಅದನ್ನೇ ನಂಬಿಕೊಂಡು ಹೋದಾಗಲೇ ನೀನು ಮೈ ಬಗ್ಗಿಸಿ ಕೆಲಸ ಮಾಡ್ಬೇಕಿತ್ತಾ?"