ಎರಡು ತಲೆಮಾರಿನ ಕ್ಯಾಮೆರಾ, ಒಂದೇ ಒಂದು ರೈಡ್

ಓಡುವುದನ್ನು, ಹಾರುವುದನ್ನು, ಬೀಳುವುದನ್ನು ಹಿಡಿಯುವ ಕ್ಯಾಮೆರಾಗಳ ಬಗ್ಗೆ ಮರ್ಫಿ ಟೌನ್‌ನಲ್ಲಿ ನನಗಿಂತ ಹೆಚ್ಚು ತಿಳಿದವರಿಲ್ಲ. ಇದು ನನ್ನ ಸ್ವಂತ ಅಭಿಪ್ರಾಯ. ನನ್ನ ಹಳೆಯ ಕ್ಯಾಮೆರಾ ಒಳಗೆ ಕನ್ನಡಿಯಿರುವ ಹಿಂದಿನ ತಲೆಮಾರಿನದು. ಇಟ್ಟಿಗೆಯ ತೂಕ, ಗುಂಡಿ ಒತ್ತಿದರೆ ಹೊಲಿಗೆ ಯಂತ್ರದಂತೆ ಕಟಕಟ ಸದ್ದು. ಹೊಸದಕ್ಕೆ ಕನ್ನಡಿಯಿಲ್ಲ, ಸದ್ದಿಲ್ಲ, ಸೆಕೆಂಡಿಗೆ ಮೂವತ್ತು ಚಿತ್ರ. ಎರಡನ್ನೂ ಒಂದೇ ಆಟದಲ್ಲಿ ಪರೀಕ್ಷಿಸಿ ಲೋಕಕ್ಕೆ ತೀರ್ಪು ನೀಡಲು ನಿರ್ಧರಿಸಿದೆ. ಸಿಕ್ಕಿದ್ದು ಕಗ್ಗದಾಸಪುರದ ಮಹಿಳೆಯರ ಕಬಡ್ಡಿ ಫೈನಲ್. ಆಡುವವಳು ನನ್ನ ಹೆಂಡತಿ ಮಂಜುಳಾ.

"ಊರವರ ಮದುವೆಯೆಲ್ಲಾ ತೆಗ್ದಿದ್ದೀರ. ನಾನು ಆಡೋ ಒಂದು ಫೋಟೋನೂ ಇಲ್ಲ ರೀ. ಕಾಲೇಜಲ್ಲಿ ಆಡ್ತಿದ್ದಾಗ್ಲೂ ಯಾರೂ ತೆಗೀಲಿಲ್ಲ. ಒಂದು ರೈಡ್ ಹಿಡೀರಿ, ಸಾಕು" ಎಂದಳು. ಅವಳ ದನಿ ಸ್ವಲ್ಪ ಮೆತ್ತಗಾಗಿತ್ತು.

"ಒಂದ್ಯಾಕೆ, ಮುನ್ನೂರು ಹಿಡೀತೀನಿ" ಎಂದೆ.

ಫೈನಲ್ ದಿನ ಬೆಳಿಗ್ಗೆ ಎರಡು ಕ್ಯಾಮೆರಾಗಳಿಗೂ ಶಾಸ್ತ್ರೋಕ್ತವಾಗಿ ಪೂಜೆ ಮಾಡಿದೆ. ಹಳೆಯದಕ್ಕೆ ಪ್ರತಿ ಆಯುಧಪೂಜೆಗೂ ಗಂಧ, ಕುಂಕುಮ ಇಡುವುದು ರೂಢಿ. ಅದು ಒಂದು ದಿನವೂ ತಕರಾರು ತೆಗೆದಿರಲಿಲ್ಲ. ಹೊಸ ಸೊಸೆಯೆಂದು ಹೊಸದಕ್ಕೆ ಇನ್ನೂ ದಪ್ಪಗೆ ಮೆತ್ತಿದೆ. ಕಣ್ಣಿಟ್ಟು ನೋಡುವ ಕಿಂಡಿಯ ಪಕ್ಕ ಒಂದು ಪುಟ್ಟ ಕಪ್ಪು ಚುಕ್ಕಿಯಿತ್ತು. ಗಂಧ ಇಡಲೆಂದೇ ಬಿಟ್ಟ ಜಾಗವಿರಬೇಕು ಎಂದುಕೊಂಡೆ!

ಪಕ್ಕದ ಮನೆಯ ಟೀ ಅಂಗಡಿ ಸೆಲ್ವಂನ ಕೊರಳಿಗೆ ಹಳೆಯ ಕ್ಯಾಮೆರಾ ಹಾಕಿ, "ನಾನು ಒತ್ತಿದಾಗ ನೀನೂ ಒತ್ತು. ಆಮೇಲೆ ಹೋಲಿಸಿ ನೋಡ್ಬೇಕು" ಎಂದೆ.

"ಸರಿ ಅಣ್ಣಾ" ಎಂದ.

ಕೊನೆಯ ರೈಡ್. ಅಂಕ ಸಮಸಮ. ಮಂಜುಳಾ ತೊಡೆ ತಟ್ಟಿ ಒಳನುಗ್ಗಿದಳು. ಮುಂದಿನ ಸಾಲಿನವರೆಲ್ಲ ಎದ್ದು ನಿಂತಿದ್ದರಿಂದ ಕ್ಯಾಮೆರಾವನ್ನು ತಲೆಯ ಮೇಲೆತ್ತಿ ಹಿಂದಿನ ಪರದೆ ನೋಡಿದೆ. ಕತ್ತಲೆ! ಕೆಳಗಿಳಿಸಿ ಗುಂಡಿ ಒತ್ತಿದೆ. ಸದ್ದಿಲ್ಲ. ಬ್ಯಾಟರಿ ಬದಲಿಸಿ ಒತ್ತಿದೆ, ಊದಿ ಒತ್ತಿದೆ, ಮನೆದೇವರನ್ನು ನೆನೆದು ಒತ್ತಿದೆ. ಅಷ್ಟರಲ್ಲಿ ಸುತ್ತಲೂ ಶಿಳ್ಳೆಯೋ ಶಿಳ್ಳೆ. ಮಂಜುಳಾ ತಂಡವನ್ನು ಗೆಲ್ಲಿಸಿದ್ದಳು.

"ನೀನು ಒತ್ತಿದ್ಯೇನೋ?" ಎಂದು ಸೆಲ್ವಂನನ್ನು ಹಿಡಿದುಕೊಂಡೆ.

"ಅಕ್ಕ ಅಪ್ಪಡಿ, ಹಂಗೆ ನುಗ್ಗೋವಾಗ ಯಾರ್ ಒತ್ತುತ್ತಾರೆ ಅಣ್ಣಾ? ನೋಡ್ತಾ ನಿಂತ್ಬಿಟ್ಟೆ."

ಮಣ್ಣು ಮೆತ್ತಿಕೊಂಡು ಏದುಸಿರು ಬಿಡುತ್ತ ಮಂಜುಳಾ ಬಂದಳು. "ಎಲ್ಲಿ, ತೋರ್ಸಿ. ಥೂ, ಇಷ್ಟು ಗಂಧ ಯಾಕ್ರೀ ಇದಕ್ಕೆ?" ಎಂದು ಜೆರ್ಸಿಯ ಅಂಚಿನಿಂದ ಒರೆಸಿದಳು. ಪರದೆ ಪಳಕ್ಕನೆ ಬೆಳಗಿತು!

ಆಮೇಲೆ ತಿಳಿಯಿತು, ಆ ಕಪ್ಪು ಚುಕ್ಕಿ ಇರುವುದೇ ಕಿಂಡಿಗೆ ಯಾರಾದರೂ ಕಣ್ಣಿಟ್ಟರೇ ಎಂದು ಕಾಯಲು. ಕ್ಯಾಮೆರಾ ನನ್ನ ಗಂಧವನ್ನೇ ಕಣ್ಣೆಂದು ನಂಬಿ, ಹಿಂದಿನ ಪರದೆ ಆರಿಸಿ, ಕಿಂಡಿಯೊಳಗೆ ಚಿತ್ರ ತೋರಿಸುತ್ತ ಕೂತಿತ್ತು. ಒತ್ತಿದಾಗಲೆಲ್ಲ ಸದ್ದಿಲ್ಲದೆ ಕೆಲಸವನ್ನೂ ಮಾಡಿತ್ತು. ನೂರಾರು ಚಿತ್ರಗಳು, ಎಲ್ಲವೂ ನನ್ನ ಕಾಲಿನ ಹೆಬ್ಬೆರಳು. ಉಗುರಿನ ಕೊಳೆ ಕೂಡ ಸ್ಪಷ್ಟ. ಹಳೆಯದಾಗಿದ್ದರೆ ಕಟಕಟ ಎಂದಾದರೂ ಎಚ್ಚರಿಸುತ್ತಿತ್ತು.

ಮಂಜುಳಾ ಹೆಬ್ಬೆರಳುಗಳನ್ನು ಕೊನೆಯವರೆಗೂ ಸರಿಸಿ ನೋಡಿದಳು. "ಹೋಗ್ಲಿ, ಫೋಟೋ ಬೇಡ. ನೀವು ನೋಡಿದ್ರಲ್ಲಾ, ಹೆಂಗಿತ್ತು ಹೇಳಿ" ಎಂದಳು.

ನಾನು ಸೆಲ್ವಂನ ಮುಖ ನೋಡಿದೆ.

ಈಗ ಮನೆಗೆ ಯಾರು ಬಂದರೂ ಮಂಜುಳಾ ಸೆಲ್ವಂನನ್ನು ಕರೆಸುತ್ತಾಳೆ. ಅವನು ಲುಂಗಿ ಎತ್ತಿ ಕಟ್ಟಿ, ಹಾಲ್ ತುಂಬ ಕುಣಿದು ಆ ರೈಡ್ ತೋರಿಸುತ್ತಾನೆ. ಬಂದ ನೆಂಟರ ಸಾಲಿನಲ್ಲಿ ನಾನೂ ಕೂತು ನೋಡುತ್ತೇನೆ.