ಮೋಟಾರಿಗೆ ಬಳಿದ ಬೆಳ್ಳಿ ಬಣ್ಣ

ಎಂಟನೇ ತರಗತಿಗೆ ಹತ್ತಾರು ವರ್ಷ ವಿಜ್ಞಾನ ಬೋಧಿಸಿದ ನನಗೆ ಮೋಟಾರಿನ ಒಳಗುಟ್ಟೆಲ್ಲ ಅಂಗೈ ನೆಲ್ಲಿಕಾಯಿ. ಕಪ್ಪು ಹಲಗೆಯ ಮೇಲೆ ನಾನು ಬರೆದ ಮೋಟಾರು ಒಂದು ದಿನವೂ ಕೆಟ್ಟದ್ದಿಲ್ಲ!

ಆಗ ನಾವು ತಿ. ನರಸೀಪುರದಲ್ಲಿದ್ದೆವು. ಎದುರುಮನೆಯ ಬಸಪ್ಪನವರು ಮೂಗೂರಿನ ಕಡೆಯವರು, ಬೆಲ್ಲದ ವ್ಯಾಪಾರಿ. ಬನ್ನೂರು ಬಸ್ಸಿನಿಂದ ಇಳಿಯುವಾಗ ಜಾರಿ ಕಾಲು ಮುರಿದುಕೊಂಡು, ಪ್ಲಾಸ್ಟರ್ ಹಾಕಿಸಿಕೊಂಡು, ಜಗಲಿಯ ಮೇಲೆ ಮಂಚ ಹಿಡಿದಿದ್ದರು. ಮೂರು ತಿಂಗಳು ಏಳುವಂತಿರಲಿಲ್ಲ. ಬೇಜಾರು ಕಳೆಯಲೆಂದು ಅವರ ಅಳಿಯ ಸಿಂಗಪುರದಿಂದ ಒಂದು ರಿಮೋಟ್ ಕಾರು ತಂದುಕೊಟ್ಟಿದ್ದ.

ದಿನಾ ಸಂಜೆ ಬಸಪ್ಪನವರು ಆ ಕಾರಿನ ಮೇಲೆ ಎಲೆಯಡಿಕೆ ಇಟ್ಟು ಗುಂಡಿ ಒತ್ತುವರು. ಅದು ಬೀದಿ ದಾಟಿ ನಮ್ಮ ಮೆಟ್ಟಿಲ ಬಳಿ ನಿಲ್ಲುವುದು. ನನ್ನ ಹೆಂಡತಿ ಶಾರದೆ ಎರಡು ಕೋಡುಬಳೆ ಇಟ್ಟು ಹಿಂದಕ್ಕೆ ಕಳಿಸುವಳು. ದಿನದಲ್ಲಿ ಆ ಹತ್ತು ನಿಮಿಷ ಮಾತ್ರ ಬಸಪ್ಪನವರು ನಗುತ್ತಿದ್ದರು.

ಆಯುಧಪೂಜೆ ಹತ್ತಿರ ಬಂದಾಗ ಅವರೇ ನನ್ನನ್ನು ಕರೆದರು. "ಮೇಷ್ಟ್ರೇ, ನಂಗೀಗ ಇದೇ ಗಾಡಿ, ಇದೇ ಕಾಲು. ಒಸಿ ಒರ್ಸಿ ಪೂಜೆಗೆ ಅಣಿ ಮಾಡ್ಕೊಡಿ ಸಾ."

ಒರೆಸುವುದು ಯಾರಿಗೆ ಬರುವುದಿಲ್ಲ? ನಾನು ಸ್ಕ್ರೂ ಬಿಚ್ಚಿದೆ. ಒಳಗೆ ಹೆಬ್ಬೆರಳು ಗಾತ್ರದ ಮೋಟಾರು ಮಂಕಾಗಿ ಕೂತಿತ್ತು. ನಮ್ಮೂರ ಅಕ್ಕಿ ಗಿರಣಿಯಲ್ಲಿ ಪ್ರತಿ ಆಯುಧಪೂಜೆಗೂ ಮೋಟಾರಿಗೆ ಹೊಸ ಬಣ್ಣ ಬಳಿಯುತ್ತಾರೆ. ಇದಕ್ಕೇಕೆ ಈ ಅನ್ಯಾಯ? ಕಿಟಕಿ ಸರಳಿಗೆ ಬಳಿದು ಉಳಿದ ಬೆಳ್ಳಿ ಬಣ್ಣ ಅರ್ಧ ಡಬ್ಬ ಮನೆಯಲ್ಲೇ ಇತ್ತು.

"ರೀ, ಒಳಗಿರೋ ಮೋಟಾರನ್ನ ಯಾರು ನೋಡ್ತಾರೆ?" ಎಂದಳು ಶಾರದೆ.

"ದೇವರು ನೋಡ್ತಾನೆ ಕಣೇ!"

ಮನೆಯಲ್ಲಿದ್ದ ಬ್ರಷ್ಷು ಕಾರಿಗಿಂತ ಅಗಲ. ಆದ್ದರಿಂದ ವೈಜ್ಞಾನಿಕವಾಗಿ ಯೋಚಿಸಿ, ಬೋಂಡಾ ಹಿಟ್ಟಿಗೆ ಅದ್ದುವಂತೆ ಇಡೀ ಮೋಟಾರನ್ನೇ ಡಬ್ಬದಲ್ಲಿ ಅದ್ದಿದೆ. ಅದರ ಮೈಮೇಲಿದ್ದ ಸಣ್ಣ ಕಿಂಡಿಗಳೆಲ್ಲ ಮುಚ್ಚಿಹೋದವು. ಇನ್ನು ಧೂಳು ಹೋಗುವುದಿಲ್ಲವೆಂದು ಹಿಗ್ಗಿದೆ. ಬಟ್ಟೆಹಗ್ಗಕ್ಕೆ ನೇತುಹಾಕಿ ಒಣಗಿಸಿ, ಮತ್ತೊಮ್ಮೆ ಅದ್ದಿದೆ!

ಹಬ್ಬದ ದಿನ ಬೀದಿಯವರೆಲ್ಲ ಸೇರಿದರು. ಕಾರಿಗೆ ಮೂರು ಪಟ್ಟೆ ವಿಭೂತಿ, ಚೆಂಡುಹೂವು, ಚಕ್ರಕ್ಕೊಂದು ನಿಂಬೆಹಣ್ಣು. ಚಕ್ರಕ್ಕಿಂತ ನಿಂಬೆಹಣ್ಣೇ ದೊಡ್ಡದು. ಬಸಪ್ಪನವರು ರಿಮೋಟನ್ನು ಕಣ್ಣಿಗೊತ್ತಿಕೊಂಡು ಗುಂಡಿ ಒತ್ತಿದರು. ಕಾರು 'ಗುರ್' ಎಂದಿತು. ಕದಲಲಿಲ್ಲ.

"ನಿಂಬೆಹಣ್ಣು ಅಡ್ಡ ಬಂತು" ಎಂದು ತೀರ್ಪು ಕೊಟ್ಟು ತೆಗೆದೆ. ಮತ್ತೆ ಒತ್ತಿದರು. ಹೊಗೆ ಬಂತು.

"ಊದುಬತ್ತಿಯದು" ಎಂದೆ.

"ಊದುಬತ್ತಿ ನನ್ನ ಕೈಲಿದೆ ರೀ! ಇನ್ನೂ ಹಚ್ಚಿಲ್ಲ!" ಎಂದಳು ಶಾರದೆ.

ಹಬ್ಬ ಕಳೆದ ಮೇಲೆ ನಂಜನಗೂಡಿಗೆ ಓಡಿ, ರೇಡಿಯೋ ರಿಪೇರಿಯವನ ಮುಂದೆ ಮೋಟಾರು ಇಟ್ಟೆ. "ಇದು ಮೋಟ್ರಾ ಸಾ? ಯಾರ್ದೋ ಲಿಂಗದ ಬೆಳ್ಳಿ ಕರಡಿಗೆ ಅನ್ಕಂಡೆ. ಬಣ್ಣ ಒಳಿಕೋಗಿ ಕಚ್ಕಬುಟ್ಟದೆ, ತಂತಿ ಸುಟ್ಟೋಗದೆ. ಇಂಥ ಮೋಟ್ರು ಮೈಸೂರಲ್ಲೂ ಸಿಕ್ಕಾಕಿಲ್ಲ. ಯಾರು ಸಾ ಈ ಕೆಲ್ಸ ಮಾಡ್ದೋರು?"

"ಒಬ್ಬರು ಮೇಷ್ಟ್ರು."

"ಯಾವ ಮೇಷ್ಟ್ರು ಸಾ?"

"ಡ್ರಿಲ್ ಮೇಷ್ಟ್ರು!"

ಬಸಪ್ಪನವರಿಗೆ ಮಾತ್ರ ಸುಳ್ಳು ಹೇಳಲಾಗಲಿಲ್ಲ. "ಓಗ್ಲಿ ಬುಡಿ ಮೇಷ್ಟ್ರೇ, ನೀವೇನು ಬೇಕಂತ ಮಾಡಿದ್ರಾ" ಎಂದು ಗೋಡೆಯ ಕಡೆ ಮುಖ ತಿರುಗಿಸಿದರು. ಬೈದಿದ್ದರೆ ವಾಸಿಯಿತ್ತು. ಆ ಸಂಜೆ ಎಲೆ ಬರಲಿಲ್ಲ. ಶಾರದೆ ಎತ್ತಿಟ್ಟಿದ್ದ ಎರಡು ಕೋಡುಬಳೆ ತಟ್ಟೆಯಲ್ಲೇ ಉಳಿದವು.

ಮರುದಿನ ಸಂಜೆ ಹೋಗಿ ರಿಮೋಟನ್ನು ಅವರ ಕೈಗಿಟ್ಟೆ. "ಒತ್ತಿ."

"ಗಾಡಿ ಎಲ್ಲದೆ ಸಾ?"

"ಇಲ್ಲೇ ನಿಂತಿದೆ" ಎಂದು ಎಲೆಯಡಿಕೆ ತಟ್ಟೆ ಎತ್ತಿಕೊಂಡೆ.

ಅವರು ನನ್ನನ್ನೇ ದಿಟ್ಟಿಸಿದರು. ಆಮೇಲೆ ಒತ್ತಿದರು. ನಾನು ಹೊರಟೆ. "ಎಡಕ್ಕೆ! ಎಡಕ್ಕೆ ಕಣ್ ಸಾ, ಚರಂಡಿ!" ಎಂದು ಕೂಗಿ, ಪ್ಲಾಸ್ಟರು ಅಲುಗುವಂತೆ ನಕ್ಕರು. ಅಂದಿನಿಂದ ನಾನು ದಿನಾ ಸಂಜೆ ಓಡಿದೆ. ಕೆಲವೊಮ್ಮೆ ಬೀದಿಯ ನಡುವೆ ನನ್ನನ್ನು ನಿಲ್ಲಿಸಿ, ದಾರಿಹೋಕರ ಜೊತೆ ಹರಟೆಗೆ ಕೂತುಬಿಡುತ್ತಿದ್ದರು.

"ನನ್ನ ಮಾತಿಗೆ ಒಂದು ದಿನವೂ ಕದಲಿದವರಲ್ಲ!" ಎಂದು ಶಾರದೆ ಬಾಯಿ ಬಿಟ್ಟು ನೋಡುತ್ತಿದ್ದಳು.

ಪ್ಲಾಸ್ಟರ್ ಬಿಚ್ಚಿದ ಮೇಲೆ ಬಸಪ್ಪನವರು ಕುಂಟುತ್ತಾ ನಮ್ಮ ಮನೆಗೆ ಬಂದು, ರಿಮೋಟನ್ನು ಅವಳ ಕೈಗೆ ಕೊಟ್ಟರು. "ತಕಳಿ ತಾಯಿ. ಗಾಡಿ ಚೆಂದಾಗೇ ಓಡ್ತದೆ. ಬಣ್ಣ ಮಾತ್ರ ಬಳೀಬ್ಯಾಡಿ."